ಏಳು ಚುಕ್ಕಿ, ಒಂದು ಗೆರೆ: ಡೆಸ್ಮಾಸ್‌ನಲ್ಲಿ ಬೆಸ್ಟ್ ಫಿಟ್ ಲೈನ್ ಹುಡುಕುವುದು ಹೇಗೆ?

ಒಂದಷ್ಟು ಅಂಕಿಗಳಿವೆ ಅಂದುಕೊಳ್ಳಿ. ಗ್ರಾಫ್ ಹಾಳೆಯ ಮೇಲೆ ಚುಕ್ಕಿ ಇಟ್ಟರೆ ಹೆಚ್ಚುಕಮ್ಮಿ ನೇರವಾಗಿ ಸಾಲು ನಿಂತ ಹಾಗೆ ಕಾಣುತ್ತವೆ. ಆದರೆ ಸ್ಕೇಲನ್ನು ಹೇಗೆ ತಿರುಗಿಸಿ ಇಟ್ಟರೂ ಎಲ್ಲ ಚುಕ್ಕಿಗಳನ್ನೂ ಮುಟ್ಟುವ ಗೆರೆ ಮಾತ್ರ ಸಿಗುವುದಿಲ್ಲ. ಸರಿ, ಎಲ್ಲವನ್ನೂ ಮುಟ್ಟೋದು ಬೇಡ, ಒಟ್ಟಾರೆ ಎಲ್ಲದಕ್ಕೂ ಹತ್ತಿರ ಹಾದುಹೋಗುವ ಗೆರೆ ಯಾವುದು? ಅದೇ ಬೆಸ್ಟ್ ಫಿಟ್ ಲೈನ್. ಡೆಸ್ಮಾಸ್ ಅನ್ನುವ ಆನ್‌ಲೈನ್ ಗ್ರಾಫಿಂಗ್ ಕ್ಯಾಲ್ಕುಲೇಟರ್ ಇದನ್ನು ಕಣ್ಣು ಮಿಟುಕಿಸುವಷ್ಟರಲ್ಲಿ ಹುಡುಕಿಕೊಡುತ್ತದೆ. ಕಷ್ಟ ಇರೋದು ಹುಡುಕುವುದರಲ್ಲಿ ಅಲ್ಲವೇ ಅಲ್ಲ. ಸಿಕ್ಕ ಗೆರೆಯನ್ನು ಎಷ್ಟು ನಂಬಬೇಕು ಅನ್ನುವುದರಲ್ಲಿ. ಅದಕ್ಕೇ ಈ ಬರಹದಲ್ಲಿ ಬಟನ್ ಒತ್ತುವ ಕೆಲಸ ಬೇಗ ಮುಗಿಸಿ, ಆಮೇಲಿನದಕ್ಕೆ ಜಾಸ್ತಿ ಜಾಗ ಕೊಟ್ಟಿದ್ದೇನೆ.

ಉದಾಹರಣೆಗೆ ಕರ್ನಾಟಕದ ಜನಸಂಖ್ಯೆಯನ್ನೇ ತಗೊಳ್ಳೋಣ. ಜನಗಣತಿಯ ಅಂಕಿಗಳು ಎಲ್ಲರಿಗೂ ಸಿಗುತ್ತವೆ, ಹತ್ತು ವರ್ಷಕ್ಕೊಂದರಂತೆ ಅಚ್ಚುಕಟ್ಟಾಗಿ ಇರುತ್ತವೆ. ಕೋಟಿಗಳಲ್ಲಿ ಬರೆದರೆ 1951ರಲ್ಲಿ 1.94, 1961ರಲ್ಲಿ 2.36, 1971ರಲ್ಲಿ 2.93, 1981ರಲ್ಲಿ 3.71, 1991ರಲ್ಲಿ 4.50, 2001ರಲ್ಲಿ 5.29, 2011ರಲ್ಲಿ 6.11. (1951ರಲ್ಲಿ ಈಗಿನ ಕರ್ನಾಟಕ ಅನ್ನುವ ರಾಜ್ಯವೇ ಇರಲಿಲ್ಲ. ಏಕೀಕರಣ ಆದದ್ದು 1956ರಲ್ಲಿ, ಆ ಹೆಸರು ಬಂದದ್ದು 1973ರಲ್ಲಿ. ಹಳೆಯ ಅಂಕಿಗಳನ್ನು ಈಗಿನ ಗಡಿಗೆ ಹೊಂದಿಸಿ ಆಮೇಲೆ ಲೆಕ್ಕ ಹಾಕಿದ್ದಾರೆ.) ಒಟ್ಟು ಏಳು ಚುಕ್ಕಿ. ಕೈಯಲ್ಲೂ ಲೆಕ್ಕ ಮಾಡಬಹುದಾದಷ್ಟು ಚಿಕ್ಕ ಪಟ್ಟಿ, ಆದರೆ ಕಲಿಯೋಕೆ ಬೇಕಾದದ್ದೆಲ್ಲ ಇದರಲ್ಲೇ ಇದೆ.

ಶುರು ಮಾಡುವ ಮೊದಲು ಒಂದು ಮಾತು. ಡೆಸ್ಮಾಸ್‌ನಲ್ಲಿ ಟೈಪ್ ಮಾಡಬೇಕಾದದ್ದು ಇಂಗ್ಲಿಷ್ ಅಕ್ಷರಗಳನ್ನೇ. ನಾನಿಲ್ಲಿ ಎಕ್ಸ್, ವೈ, ಎಂ, ಬಿ ಅಂತ ಬರೆದ ಕಡೆ ನೀವು ಆಯಾ ಇಂಗ್ಲಿಷ್ ಕೀಲಿಯನ್ನು ಒತ್ತಬೇಕು.

ಅಂಕಿಗಳನ್ನು ಒಳಗೆ ಹಾಕುವುದು

ಬ್ರೌಸರಿನಲ್ಲಿ ಡೆಸ್ಮಾಸ್ ಗ್ರಾಫಿಂಗ್ ಕ್ಯಾಲ್ಕುಲೇಟರ್ ತೆರೆಯಿರಿ. ದುಡ್ಡು ಕೊಡಬೇಕಿಲ್ಲ, ಲಾಗಿನ್ ಕೂಡ ಬೇಕಿಲ್ಲ. ಎಡಗಡೆ ಮೇಲೆ ಪ್ಲಸ್ ಗುರುತು ಇದೆ, ಅದನ್ನು ಒತ್ತಿ ಟೇಬಲ್ ಆರಿಸಿ. ಎರಡು ಕಾಲಂ ಬರುತ್ತವೆ, ತಲೆಯ ಮೇಲೆ ಎಕ್ಸ್1, ವೈ1 ಅಂತ ಇರುತ್ತದೆ. ಅಂಕಿಗಳು ಈಗಾಗಲೇ ಎಕ್ಸೆಲ್‌ನಲ್ಲೋ ಗೂಗಲ್ ಶೀಟ್ಸ್‌ನಲ್ಲೋ ಇದ್ದರೆ ಅಲ್ಲಿಂದ ಎರಡು ಕಾಲಂ ಕಾಪಿ ಮಾಡಿ ಇಲ್ಲಿ ಖಾಲಿ ಸಾಲಿನಲ್ಲಿ ಪೇಸ್ಟ್ ಮಾಡಿ, ಟೇಬಲ್ ತಾನಾಗಿಯೇ ಆಗುತ್ತದೆ.

ಎಕ್ಸ್1ರಲ್ಲಿ ಇಸವಿ, ವೈ1ರಲ್ಲಿ ಜನಸಂಖ್ಯೆ. ಇಸವಿಯನ್ನು 1951, 1961 ಅಂತ ಹಾಗೇ ಹಾಕಬಹುದು, ಆದರೆ ಹಾಕಬೇಡಿ. 1951ನ್ನು ಸೊನ್ನೆ ಅಂತ ಇಟ್ಟುಕೊಂಡು 0, 10, 20, 30, 40, 50, 60 ಅಂತ ಬರೆಯಿರಿ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಟೇಬಲ್ ತುಂಬಿದರೂ ಪರದೆಯ ಮೇಲೆ ಒಂದೋ ಎರಡೋ ಚುಕ್ಕಿ ಮಾತ್ರ ಕಾಣುತ್ತವೆ. ಗಾಬರಿ ಬೇಡ. ಡೆಸ್ಮಾಸ್ ತೆರೆದಾಗ ಅದು ತೋರಿಸುವುದು ಅಡ್ಡಲಾಗಿ ಸುಮಾರು ಮೈನಸ್ 10ರಿಂದ 10ರವರೆಗಿನ ಜಾಗ ಮಾತ್ರ, ನಮ್ಮ ಚುಕ್ಕಿಗಳು 60ರವರೆಗೆ ಹೋಗಿವೆ. ಟೇಬಲ್ ಪಕ್ಕದಲ್ಲಿ ಭೂತಗನ್ನಡಿಯ ಚಿತ್ರ ಇದೆ, ಅದನ್ನು ಒತ್ತಿದರೆ ಎಲ್ಲ ಚುಕ್ಕಿಗಳೂ ಕಾಣುವಂತೆ ಗ್ರಾಫ್ ಹೊಂದಿಕೊಳ್ಳುತ್ತದೆ. ಈಗ ಏಳೂ ಚುಕ್ಕಿ ಎಡದ ಕೆಳಗಿನಿಂದ ಬಲದ ಮೇಲಕ್ಕೆ ಹತ್ತುತ್ತಾ ಹೋಗುವುದು ಕಾಣುತ್ತದೆ.

ಮೊದಲು ಕೈಯಲ್ಲೇ ಒಂದು ಗೆರೆ

ಇಲ್ಲಿ ನೇರವಾಗಿ ಉತ್ತರಕ್ಕೆ ಹೋಗಬಹುದು. ಆದರೂ ಒಂದೈದು ನಿಮಿಷ ಕೈಯಲ್ಲೇ ಪ್ರಯತ್ನ ಮಾಡುವುದು ಒಳ್ಳೆಯದು. ಯಾಕಂದರೆ 'ಬೆಸ್ಟ್' ಅಂದರೆ ಯಾವ ಅರ್ಥದಲ್ಲಿ ಬೆಸ್ಟ್ ಅನ್ನೋದು ಗೊತ್ತಾಗುವುದೇ ಆಗ.

ಹೊಸ ಸಾಲಿನಲ್ಲಿ ವೈ = ಕೆ ಎಕ್ಸ್ + ಸಿ ಅಂತ ಟೈಪ್ ಮಾಡಿ. ಕೆ, ಸಿ ಯಾರು ಅಂತ ಡೆಸ್ಮಾಸ್‌ಗೆ ಗೊತ್ತಿಲ್ಲ, ಹಾಗಾಗಿ ಎರಡಕ್ಕೂ ಸ್ಲೈಡರ್ ಸೇರಿಸಲೇ ಅಂತ ಕೇಳುತ್ತದೆ. ಸೇರಿಸಿ. ಕೆ ಅಂದರೆ ಗೆರೆಯ ಇಳಿಜಾರು, ಅಂದರೆ ಎಕ್ಸ್ ಒಂದು ಹೆಜ್ಜೆ ಮುಂದೆ ಹೋದರೆ ಗೆರೆ ಎಷ್ಟು ಮೇಲೇರುತ್ತದೆ ಅನ್ನುವುದು. ಸಿ ಅಂದರೆ ಎಕ್ಸ್ ಸೊನ್ನೆ ಇದ್ದಾಗ ಗೆರೆ ಎಷ್ಟು ಎತ್ತರದಲ್ಲಿದೆ ಅನ್ನುವುದು. ಸ್ಲೈಡರ್ ಮೊದಲಿಗೆ ಮೈನಸ್ 10ರಿಂದ 10ರವರೆಗೆ ಓಡುತ್ತದೆ. ನಮ್ಮ ಕೆಲಸಕ್ಕೆ ಅದು ತೀರಾ ದೊಡ್ಡದು, ಸ್ವಲ್ಪ ಎಳೆದರೂ ಗೆರೆ ಎಲ್ಲೋ ಹಾರಿಹೋಗುತ್ತದೆ. ಸ್ಲೈಡರಿನ ತುದಿಯ ಅಂಕಿಯನ್ನು ಒತ್ತಿ ಕೆ 0ಯಿಂದ 0.2ರವರೆಗೆ ಮಾತ್ರ, ಹೆಜ್ಜೆ 0.001 ಅಂತ ಬದಲಾಯಿಸಿ.

ಈಗ ಎಳೆದು ನೋಡಿ. ಸುಮಾರು ಜನ ಮೊದಲ ಚುಕ್ಕಿಗೂ ಕೊನೆಯ ಚುಕ್ಕಿಗೂ ಗೆರೆ ಎಳೆದು ಮುಗೀತು ಅಂತಾರೆ. ಕೆ 0.0695, ಸಿ 1.94 ಇಟ್ಟರೆ ಅದೇ ಗೆರೆ ಬರುತ್ತದೆ. ಮಧ್ಯದ ಐದು ಚುಕ್ಕಿಗಳೂ ಗೆರೆಯ ಕೆಳಗೇ ಉಳಿದುಬಿಡುತ್ತವೆ. ಸರಿ ಕಾಣಲ್ಲ ಅಲ್ವಾ? ಆದರೆ 'ಸರಿ ಕಾಣಲ್ಲ' ಅನ್ನುವುದನ್ನು ಅಂಕಿಯಲ್ಲಿ ಹೇಳಬೇಕಲ್ಲ.

ಅದಕ್ಕೆ ಮಾಡುವುದು ಇಷ್ಟು: ಪ್ರತಿ ಚುಕ್ಕಿಯಿಂದ ಗೆರೆಗೆ ನೇರ ಮೇಲಕ್ಕೋ ಕೆಳಕ್ಕೋ ಎಷ್ಟು ಅಂತರ ಇದೆ ಅಂತ ಅಳೆಯುವುದು. ನಿಜವಾದ ಜನಸಂಖ್ಯೆ ಮೈನಸ್ ಗೆರೆ ಹೇಳಿದ ಜನಸಂಖ್ಯೆ. ಇದಕ್ಕೆ ಉಳಿಕೆ ಅನ್ನೋಣ, ಡೆಸ್ಮಾಸ್ ರೆಸಿಡ್ಯುಯಲ್ ಅನ್ನುತ್ತದೆ. ಚುಕ್ಕಿ ಗೆರೆಗಿಂತ ಮೇಲಿದ್ದರೆ ಉಳಿಕೆ ಪ್ಲಸ್, ಕೆಳಗಿದ್ದರೆ ಮೈನಸ್. ಎಲ್ಲವನ್ನೂ ಸುಮ್ನೆ ಕೂಡಿಸಿದರೆ ಪ್ಲಸ್ಸು ಮೈನಸ್ಸು ಹೊಡೆದುಹೋಗುತ್ತವೆ. ಎಷ್ಟರಮಟ್ಟಿಗೆ ಅಂದರೆ, ಏಳು ಅಂಕಿಗಳ ಸರಾಸರಿ 3.83ರ ಎತ್ತರದಲ್ಲಿ ಒಂದು ಅಡ್ಡಗೆರೆ ಎಳೆದು 'ಕರ್ನಾಟಕದ ಜನಸಂಖ್ಯೆ ಬೆಳೆದೇ ಇಲ್ಲ' ಅಂತ ಹೇಳಿದರೂ ಉಳಿಕೆಗಳ ಮೊತ್ತ ಸೊನ್ನೆಯೇ ಬರುತ್ತದೆ! ಹಾಗಾಗಿ ಪ್ರತಿ ಉಳಿಕೆಯನ್ನೂ ವರ್ಗ ಮಾಡಿ ಆಮೇಲೆ ಕೂಡಿಸುತ್ತಾರೆ. ವರ್ಗ ಮಾಡಿದರೆ ಎಲ್ಲವೂ ಪ್ಲಸ್. ಆ ಮೊತ್ತ ಯಾವ ಗೆರೆಗೆ ಅತಿ ಕಡಿಮೆಯೋ ಅದೇ ಬೆಸ್ಟ್ ಫಿಟ್. ಪಠ್ಯಪುಸ್ತಕಗಳಲ್ಲಿ ಕನಿಷ್ಠ ವರ್ಗಗಳ ವಿಧಾನ ಅಂತ ಬರುವುದು ಇದೇ.

ಈ ಮೊತ್ತವನ್ನೂ ಡೆಸ್ಮಾಸ್‌ನಲ್ಲೇ ನೋಡಬಹುದು. ಹೊಸ ಸಾಲಿನಲ್ಲಿ ಟೋಟಲ್( (ವೈ1 − (ಕೆ ಎಕ್ಸ್1 + ಸಿ))² ) ಅಂತ ಬರೆಯಿರಿ. ಮೊದಲ-ಕೊನೆಯ ಚುಕ್ಕಿಯ ಗೆರೆಗೆ 0.399 ಬರುತ್ತದೆ. ಕೆ 0.07, ಸಿ 1.7 ಇಟ್ಟು ನೋಡಿ: 0.148. ಒಮ್ಮೆಲೇ ಅರ್ಧಕ್ಕಿಂತ ಕಡಿಮೆ! ಇನ್ನೂ ಇಳಿಸಬಹುದಾ ಅಂತ ಎರಡೂ ಸ್ಲೈಡರ್ ಆಡಿಸುತ್ತಾ ಹೋದರೆ 0.136ರ ಹತ್ತಿರ ಬಂದು ನಿಲ್ಲುತ್ತದೆ. ಅದಕ್ಕಿಂತ ಕೆಳಗೆ ಯಾರು ಎಳೆದರೂ ಇಳಿಯುವುದಿಲ್ಲ.

ವರ್ಗವೇ ಯಾಕೆ, ಮೈನಸ್ ಗುರುತು ತೆಗೆದು ಸುಮ್ನೆ ಅಂತರಗಳನ್ನು ಕೂಡಿಸಿದರೆ ಆಗದೇ ಅಂತ ಕೇಳಬಹುದು. ಒಳ್ಳೆಯ ಪ್ರಶ್ನೆ, ಆಗುತ್ತದೆ. 18ನೇ ಶತಮಾನದಲ್ಲೇ ಬಾಸ್ಕೋವಿಚ್ ಅನ್ನುವವರು ಆ ದಾರಿ ಹಿಡಿದಿದ್ದರು. ಆದರೆ ವರ್ಗದ ದಾರಿಯಲ್ಲಿ ಒಂದು ಅನುಕೂಲ ಇದೆ: ಎಕ್ಸ್‌ನ ಬೆಲೆಗಳೆಲ್ಲ ಒಂದೇ ಆಗಿರದಿದ್ದರೆ ಸಾಕು, ಉತ್ತರ ಒಂದೇ ಒಂದು ಸಿಗುತ್ತದೆ, ಅದೂ ನೇರ ಸೂತ್ರದಿಂದ. ಫ್ರಾನ್ಸಿನ ಲೆಜಾಂಡ್ರ್ 1805ರಲ್ಲಿ ಇದನ್ನು ಮೊದಲು ಅಚ್ಚಿಗೆ ಕೊಟ್ಟರು, ಧೂಮಕೇತುಗಳ ದಾರಿ ಲೆಕ್ಕ ಹಾಕುವ ಕೆಲಸದ ಜೊತೆಗೆ. 1809ರಲ್ಲಿ ಜರ್ಮನಿಯ ಗೌಸ್, ನಾನು 1795ರಿಂದಲೇ ಇದನ್ನು ಬಳಸುತ್ತಿದ್ದೇನೆ ಅಂತ ಬರೆದರು. ಲೆಜಾಂಡ್ರ್‌ಗೆ ಸಿಟ್ಟು ಬಂತು. ಬರದೇ ಇರುತ್ತದೆಯೇ! ಗೌಸ್ ಹೆಸರು ಮಾಡಿದ್ದು 1801ರಲ್ಲಿ. ಸಿರಿಸ್ ಅನ್ನುವ ಹೊಸ ಆಕಾಶಕಾಯ ಕೆಲವೇ ವಾರ ಕಂಡು ಸೂರ್ಯನ ಬೆಳಕಿನಲ್ಲಿ ಮರೆಯಾಗಿತ್ತು. ಗೌಸ್ ಸಿಕ್ಕಷ್ಟೇ ಅಂಕಿಗಳಿಂದ ಅದು ಮತ್ತೆ ಎಲ್ಲಿ ಕಾಣುತ್ತದೆ ಅಂತ ಲೆಕ್ಕ ಹಾಕಿದರು, ಆ ವರ್ಷದ ಕೊನೆಯಲ್ಲಿ ಅದು ಹೆಚ್ಚುಕಮ್ಮಿ ಅಲ್ಲೇ ಸಿಕ್ಕಿತು.

ಈಗ ಡೆಸ್ಮಾಸ್‌ಗೇ ಕೇಳಿ

ಹೊಸ ಸಾಲಿನಲ್ಲಿ ಹೀಗೆ ಟೈಪ್ ಮಾಡಿ: ವೈ1 ~ ಎಂ ಎಕ್ಸ್1 + ಬಿ. ವೈ ಆದಮೇಲೆ 1 ಒತ್ತಿದರೆ ಅದು ತಾನಾಗಿಯೇ ಕೆಳಗೆ ಚಿಕ್ಕದಾಗಿ ಕೂರುತ್ತದೆ. ಮಧ್ಯದಲ್ಲಿರುವುದು ಸಮ ಚಿಹ್ನೆ ಅಲ್ಲ, ಟಿಲ್ಡೆ. ಕಂಪ್ಯೂಟರಿನಲ್ಲಿ ಸಾಮಾನ್ಯವಾಗಿ ಎಸ್ಕೇಪ್ ಕೀಲಿಯ ಕೆಳಗೆ, ಶಿಫ್ಟ್ ಹಿಡಿದು ಒತ್ತಬೇಕು. ಫೋನಿನಲ್ಲಾದರೆ ಡೆಸ್ಮಾಸ್‌ನ ಕೀಪ್ಯಾಡಿನಲ್ಲಿ ಎಬಿಸಿ ಒತ್ತಿ ಹುಡುಕಿ. ಸಮ ಚಿಹ್ನೆ ಹಾಕಿದರೆ 'ಇವೆರಡೂ ಒಂದೇ' ಅಂತ ಹೇಳಿದ ಹಾಗೆ, ಕೆಲಸ ಆಗಲ್ಲ. ಟಿಲ್ಡೆ ಹಾಕಿದರೆ 'ಇವೆರಡೂ ಆದಷ್ಟು ಹತ್ತಿರ ಬರುವಂತೆ ಎಂ, ಬಿ ಎಷ್ಟಿರಬೇಕು ನೀನೇ ಹುಡುಕು' ಅಂತ. ಟೇಬಲ್ ಪಕ್ಕದಲ್ಲಿ ರಿಗ್ರೆಶನ್ ಬಟನ್ ಕಂಡರೆ ಅದನ್ನು ಒತ್ತಿದರೂ ಇದೇ ಸಾಲು ಬರುತ್ತದೆ. ಆದರೂ ಒಂದು ಸಲ ಕೈಯಾರೆ ಬರೆಯಿರಿ. ಮುಂದೆ ಗೆರೆ ಬಿಟ್ಟು ಬೇರೆ ಆಕಾರ ಕೂರಿಸಬೇಕಾದಾಗ ಆ ರೂಢಿ ಉಪಯೋಗಕ್ಕೆ ಬರುತ್ತದೆ.

ಗಮನಿಸಿ, ಸ್ಲೈಡರಿಗೆ ನಾನು ಕೆ, ಸಿ ಬಳಸಿದೆ, ಇಲ್ಲಿ ಎಂ, ಬಿ ಬಳಸಿದೆ. ಬೇಕಂತಲೇ. ಎಂ, ಬಿ ಅನ್ನು ಮೊದಲೇ ಸ್ಲೈಡರ್ ಮಾಡಿಟ್ಟಿದ್ದರೆ ಡೆಸ್ಮಾಸ್ 'ಓ, ಇವುಗಳ ಬೆಲೆ ಈಗಾಗಲೇ ಗೊತ್ತಿದೆ' ಅಂದುಕೊಂಡು ಹುಡುಕುವ ಕೆಲಸವನ್ನೇ ಬಿಟ್ಟುಬಿಡುತ್ತದೆ. ಗೆರೆ ಯಾಕೆ ಅಲ್ಲಾಡುತ್ತಿಲ್ಲ ಅಂತ ತಲೆ ಕೆರೆದುಕೊಳ್ಳುವವರ ಮುಕ್ಕಾಲು ಪಾಲು ತೊಂದರೆ ಇದೇ ಇರುತ್ತದೆ.

ಉತ್ತರ ಬಂತು: ಎಂ = 0.0712, ಬಿ = 1.698. ಜೊತೆಗೆ ಆರ್² = 0.9905, ಆರ್ = 0.9952. ಆರ್² ಅಂದರೇನು ಅಂತ ಮುಂದೆ ನೋಡೋಣ, ಇಲ್ಲಿ ಆರ್ ಅಂದರೆ ಅದರ ವರ್ಗಮೂಲ.

ಈ ಎಂ ಬರೀ ಒಂದು ಸಂಖ್ಯೆಯಲ್ಲ, ಅದಕ್ಕೊಂದು ಅಳತೆ ಇದೆ. ವೈ ಕೋಟಿಯಲ್ಲಿದೆ, ಎಕ್ಸ್ ವರ್ಷದಲ್ಲಿದೆ, ಹಾಗಾಗಿ ಎಂ ಅಂದರೆ ವರ್ಷಕ್ಕೆ 0.0712 ಕೋಟಿ, ಅಂದರೆ 7.12 ಲಕ್ಷ ಜನ. ಅರವತ್ತು ವರ್ಷಗಳ ಕಾಲ ಕರ್ನಾಟಕಕ್ಕೆ ವರ್ಷಕ್ಕೆ ಸರಿಸುಮಾರು ಏಳು ಲಕ್ಷ ಜನ ಸೇರುತ್ತಾ ಬಂದರು ಅಂತ ಗೆರೆ ಹೇಳುತ್ತಿದೆ. ಬಿ ಅಂದರೆ ಎಕ್ಸ್ ಸೊನ್ನೆಯಾದ 1951ರಲ್ಲಿ ಗೆರೆಯ ಲೆಕ್ಕದ ಜನಸಂಖ್ಯೆ: 1.70 ಕೋಟಿ.

ಇಸವಿಯನ್ನು ಹಾಗೇ ಹಾಕಬೇಡಿ ಅಂದಿದ್ದು ಇದಕ್ಕೇ. 1951, 1961 ಅಂತಲೇ ಹಾಕಿದ್ದರೆ ಎಂ ಅದೇ 0.0712 ಬರುತ್ತಿತ್ತು, ಬಿ ಮಾತ್ರ ಮೈನಸ್ 137.24. ಅಂದರೆ ಕ್ರಿಸ್ತಶಕದ ಆರಂಭದಲ್ಲಿ ಕರ್ನಾಟಕದಲ್ಲಿ ಮೈನಸ್ 137 ಕೋಟಿ ಜನ! ಗೆರೆ ಅದೇ, ತಪ್ಪೂ ಇಲ್ಲ, ಆದರೆ ಆ ಬಿ ಇಟ್ಟುಕೊಂಡು ಮಾಡುವುದೇನು? ಎಕ್ಸ್ ಅನ್ನು ನಮ್ಮ ಅಂಕಿಗಳು ಶುರುವಾಗುವ ಜಾಗದಿಂದ ಎಣಿಸಿದರೆ ಎರಡು ಸಂಖ್ಯೆಗಳಿಗೂ ಅರ್ಥ ಇರುತ್ತದೆ.

ದ್ವಿತೀಯ ಪಿಯುಸಿಯಲ್ಲಿ ಸಂಖ್ಯಾಶಾಸ್ತ್ರ ಓದಿದವರಿಗೆ ಇದನ್ನು ಎಲ್ಲೋ ನೋಡಿದ ನೆನಪು ಬರುತ್ತಿರಬಹುದು. ಕಾಲಶ್ರೇಣಿ ಪಾಠದಲ್ಲಿ ಮಧ್ಯದ ವರ್ಷವನ್ನು ಸೊನ್ನೆ ಮಾಡಿಕೊಂಡು ಲೆಕ್ಕ ಮಾಡುತ್ತಿದ್ದೆವಲ್ಲ, ಅದೇ ಇದು. ನಮ್ಮ ಏಳು ವರ್ಷಗಳಿಗೆ ಎಕ್ಸ್ ಅನ್ನು −3, −2, −1, 0, 1, 2, 3 ಅಂತ ಇಡಿ. ವೈಗಳ ಮೊತ್ತ 26.84, ಏಳರಿಂದ ಭಾಗಿಸಿದರೆ 3.834. ಎಕ್ಸ್ ಇಂಟು ವೈಗಳ ಮೊತ್ತ 19.94, ಎಕ್ಸ್ ವರ್ಗಗಳ ಮೊತ್ತ 28, ಭಾಗಿಸಿದರೆ 0.712. ಇದು ಹತ್ತು ವರ್ಷಕ್ಕೆ, ವರ್ಷಕ್ಕಾದರೆ 0.0712. ಡೆಸ್ಮಾಸ್ ಹೇಳಿದ್ದೇ ಬಂತು. ಒಂದು ಎಚ್ಚರಿಕೆ: ಆ ಪಾಠದಲ್ಲಿ ಗೆರೆಯನ್ನು ವೈ = ಎ + ಬಿ ಎಕ್ಸ್ ಅಂತ ಬರೆಯುತ್ತಾರೆ, ಅಲ್ಲಿ ಬಿ ಅಂದರೆ ಇಳಿಜಾರು. ಇಲ್ಲಿ ಬಿ ಅಂದರೆ ಸೊನ್ನೆಯ ಹತ್ತಿರದ ಎತ್ತರ. ಉತ್ತರ ಪತ್ರಿಕೆಗೆ ಇಳಿಸುವಾಗ ಅದಲುಬದಲು ಆದೀತು.

0.99 ಬಂದರೆ ಮುಗೀತಾ?

ಆರ್² ಎಲ್ಲರ ಕಣ್ಣಿಗೂ ಮೊದಲು ಬೀಳುವ ಸಂಖ್ಯೆ. ಒಂದಕ್ಕೆ ಹತ್ತಿರ ಇದ್ದರೆ ಖುಷಿ, ದೂರ ಇದ್ದರೆ ಬೇಜಾರು. ಅದು ಬರುವುದು ಹೀಗೆ: ಬೆಳವಣಿಗೆಯೇ ಇಲ್ಲ ಅನ್ನುವ ಆ ಅಡ್ಡಗೆರೆಗೆ ಉಳಿಕೆಗಳ ವರ್ಗಗಳ ಮೊತ್ತ 14.34. ಬೆಸ್ಟ್ ಫಿಟ್ ಗೆರೆಗೆ ಬರೀ 0.136. ಅಂದರೆ ಅಡ್ಡಗೆರೆಯಲ್ಲಿದ್ದ ತಪ್ಪಿನಲ್ಲಿ ನೂರಕ್ಕೆ ಒಂದು ಪಾಲೂ ಉಳಿದಿಲ್ಲ, ನೂರಕ್ಕೆ 99 ಪಾಲು ಕಳೆದುಹೋಗಿದೆ. ಅದೇ 0.99. ಗೆರೆಯನ್ನು ಯಾವುದಕ್ಕೆ ಹೋಲಿಸಿದ್ದು ಅನ್ನೋದನ್ನು ನೋಡಿ: ಯಾರೂ ನಂಬದ ಒಂದು ದಡ್ಡ ಅಡ್ಡಗೆರೆಗೆ. ವರ್ಷದಿಂದ ವರ್ಷಕ್ಕೆ ಹೆಚ್ಚುಕಮ್ಮಿ ಒಂದೇ ಸಮನೆ ಏರುತ್ತಾ ಹೋಗುವ ಯಾವ ಅಂಕಿ ಹಾಕಿದರೂ ಆರ್² ಜೋರಾಗಿಯೇ ಬರುತ್ತದೆ. ನನ್ನ ಮಟ್ಟಿಗೆ ಇಂಥ ಅಂಕಿಗಳಿಗೆ 0.99 ಅಂದರೆ ದೊಡ್ಡ ಸಾಧನೆ ಏನಲ್ಲ.

ನಂಬಿಕೆ ಬರದಿದ್ದರೆ 1951ರ ಚುಕ್ಕಿಯನ್ನೇ ನೋಡಿ. ಗೆರೆ ಹೇಳಿದ್ದು 1.70 ಕೋಟಿ, ಇದ್ದದ್ದು 1.94 ಕೋಟಿ. ವ್ಯತ್ಯಾಸ 24 ಲಕ್ಷ. ಆಗಿನ ಬೆಂಗಳೂರಿನ ಜನಸಂಖ್ಯೆ ಸುಮಾರು 8 ಲಕ್ಷ, ಅಂದರೆ ಅಂಥ ಮೂರು ಬೆಂಗಳೂರನ್ನು ಗೆರೆ ನುಂಗಿಬಿಟ್ಟಿದೆ. ಆರ್² ಅದರ ಬಗ್ಗೆ ಬಾಯಿ ಬಿಡಲ್ಲ.

ಬಾಯಿ ಬಿಡುವುದು ಉಳಿಕೆಗಳು. ಉತ್ತರದ ಕೆಳಗೆ ಇ1 ಅಂತ ಇದೆ, ಪಕ್ಕದಲ್ಲಿ ಪ್ಲಾಟ್ ಅನ್ನುವ ಬಟನ್. ಒತ್ತಿದರೆ ಟೇಬಲಿಗೆ ಇನ್ನೊಂದು ಕಾಲಂ ಸೇರಿ, ಉಳಿಕೆಗಳು ಚುಕ್ಕಿಗಳಾಗಿ ಕಾಣುತ್ತವೆ. ಇಡೀ ಡೆಸ್ಮಾಸ್‌ನಲ್ಲಿ ಜನ ಅತಿ ಕಡಿಮೆ ಒತ್ತುವ, ಆದರೆ ಅತಿ ಹೆಚ್ಚು ಒತ್ತಬೇಕಾದ ಬಟನ್ ಇದು ಅಂತ ನನಗನ್ನಿಸುತ್ತದೆ. ನಮ್ಮ ಉಳಿಕೆಗಳು ಸಾಲಾಗಿ: +0.24, −0.05, −0.19, −0.12, −0.05, +0.03, +0.14. ಮೊದಲು ಪ್ಲಸ್, ಆಮೇಲೆ ನಾಲ್ಕು ಮೈನಸ್, ಕೊನೆಗೆ ಮತ್ತೆ ಪ್ಲಸ್. ಗ್ರಾಫಿನಲ್ಲಿ ನೋಡಿದರೆ ಬಟ್ಟಲಿನ ಆಕಾರ.

ಗೆರೆ ನಿಜಕ್ಕೂ ಹೊಂದಿದ್ದರೆ ಉಳಿಕೆಗಳು ಹೇಗೆಂದರೆ ಹಾಗೆ ಚೆಲ್ಲಿರಬೇಕು, ಅವುಗಳಲ್ಲಿ ಯಾವ ಆಕಾರವೂ ಕಾಣಬಾರದು. ಆಕಾರ ಕಂಡರೆ, ಅಂಕಿಗಳಲ್ಲಿ ಗೆರೆಗೆ ಸಿಗದ ಏನೋ ಇನ್ನೂ ಉಳಿದಿದೆ ಅಂತ ಅರ್ಥ. ಇಲ್ಲಿ ಉಳಿದದ್ದು ಬಾಗು. ಹತ್ತು ಹತ್ತು ವರ್ಷಕ್ಕೆ ಎಷ್ಟು ಜನ ಸೇರಿದರು ಅಂತ ಕಳೆದು ನೋಡಿ: 42 ಲಕ್ಷ, 57 ಲಕ್ಷ, 78, 79, 79, 82 ಲಕ್ಷ. ಮೊದಲ ಎರಡು ದಶಕ ನಿಧಾನ, 1971ರಿಂದ ಈಚೆಗೆ ಹೆಚ್ಚುಕಮ್ಮಿ ಒಂದೇ ವೇಗ. ನಮ್ಮ ಗೆರೆ ಈ ಎರಡೂ ಕಾಲವನ್ನು ಒಂದೇ ಇಳಿಜಾರಿನಲ್ಲಿ ಹೇಳಲು ಹೋಗಿ ಎರಡನ್ನೂ ಅಷ್ಟಿಷ್ಟು ತಪ್ಪು ಹೇಳಿದೆ.

1973ರಲ್ಲಿ ಫ್ರಾನ್ಸಿಸ್ ಆನ್ಸ್‌ಕೂಂಬ್ ಅನ್ನುವ ಸಂಖ್ಯಾಶಾಸ್ತ್ರಜ್ಞರು ಇದನ್ನೇ ತೋರಿಸಲು ಹನ್ನೊಂದು ಹನ್ನೊಂದು ಚುಕ್ಕಿಗಳ ನಾಲ್ಕು ಪಟ್ಟಿ ತಯಾರಿಸಿದರು. ನಾಲ್ಕಕ್ಕೂ ಬೆಸ್ಟ್ ಫಿಟ್ ಗೆರೆ ವೈ = 3 + 0.5 ಎಕ್ಸ್, ನಾಲ್ಕಕ್ಕೂ ಆರ್ ಸುಮಾರು 0.816. ಗ್ರಾಫ್ ಹಾಕಿದರೆ ಒಂದು ಸಾಧಾರಣ ಚೆದುರಿದ ಚುಕ್ಕಿಗಳು, ಒಂದು ಶುದ್ಧ ಬಾಗು, ಒಂದರಲ್ಲಿ ಹತ್ತು ಚುಕ್ಕಿ ನೆಟ್ಟಗೆ ನಿಂತು ಒಂದು ಮಾತ್ರ ಹೊರಗೆ. ನಾಲ್ಕನೆಯದರಲ್ಲಂತೂ ಹತ್ತು ಚುಕ್ಕಿ ಒಂದರ ಮೇಲೊಂದು ಕಂಬದ ಹಾಗೆ ನಿಂತಿವೆ, ದೂರದಲ್ಲಿರುವ ಒಂಟಿ ಚುಕ್ಕಿಯೊಂದೇ ಗೆರೆಯ ದಿಕ್ಕನ್ನೆಲ್ಲ ತೀರ್ಮಾನಿಸುತ್ತದೆ.

ಆ ಒಂಟಿ ಚುಕ್ಕಿಯ ಆಟವನ್ನು ನಮ್ಮ ಟೇಬಲ್‌ನಲ್ಲೇ ಆಡಬಹುದು. 2011ರ 6.11ನ್ನು ಬೇಕಂತಲೇ 61.1 ಮಾಡಿ. ದಶಮಾಂಶ ಬಿಂದು ಒಂದು ಮನೆ ಜರುಗಿದ್ದಷ್ಟೇ. ಎಂ 0.66ಕ್ಕೆ ಹಾರುತ್ತದೆ, ಬಿ ಮೈನಸ್ 8.12 ಆಗುತ್ತದೆ, ಆರ್² 0.43ಕ್ಕೆ ಬೀಳುತ್ತದೆ. ವರ್ಗ ಮಾಡುವುದರ ಅಡ್ಡಪರಿಣಾಮ ಇದು: ಎರಡು ಪಟ್ಟು ದೂರದ ಚುಕ್ಕಿ ನಾಲ್ಕು ಪಟ್ಟು ಗಲಾಟೆ ಮಾಡುತ್ತದೆ, ಹತ್ತು ಪಟ್ಟು ದೂರದ್ದು ನೂರು ಪಟ್ಟು. ಅದರಲ್ಲೂ ತುದಿಯಲ್ಲಿರುವ ಚುಕ್ಕಿಗೆ ಬಲ ಜಾಸ್ತಿ, ಏತದ ತುದಿಗೆ ಜೋತುಬಿದ್ದವನ ಹಾಗೆ. ಇದೇ ತಪ್ಪನ್ನು ಮಧ್ಯದ 1981ರಲ್ಲಿ ಮಾಡಿದರೆ ಇಡೀ ಗೆರೆ ಮೇಲಕ್ಕೇಳುತ್ತದೆ, ಇಳಿಜಾರು ಮಾತ್ರ ಒಂದಿಷ್ಟೂ ಬದಲಾಗುವುದಿಲ್ಲ. ಮಾಡಿ ನೋಡಿ. ಆಮೇಲೆ ಅಂಕಿಗಳನ್ನು ಸರಿ ಮಾಡಿಡಿ.

ಗೆರೆ ಹಿಡಿದು ಹಿಂದಕ್ಕೂ ಮುಂದಕ್ಕೂ

ಎಂ, ಬಿ ಒಮ್ಮೆ ಸಿಕ್ಕ ಮೇಲೆ ಡೆಸ್ಮಾಸ್ ಅವನ್ನು ನೆನಪಿಟ್ಟುಕೊಂಡಿರುತ್ತದೆ. ಹೊಸ ಸಾಲಿನಲ್ಲಿ ಎಫ್(ಎಕ್ಸ್) = ಎಂ ಎಕ್ಸ್ + ಬಿ ಅಂತ ಬರೆದಿಟ್ಟರೆ, ಆಮೇಲೆ ಎಫ್(35) ಅಂತ ಕೇಳಿದರೆ ಸಾಕು, 1986ರ ಅಂದಾಜು 4.19 ಕೋಟಿ ಅಂತ ಹೇಳುತ್ತದೆ. ಇದು ನಮ್ಮ ಚುಕ್ಕಿಗಳ ನಡುವಿನ ವರ್ಷ, ತೀರಾ ಎಡವುವ ಭಯ ಇಲ್ಲ.

ಹೊರಗೆ ಕಾಲಿಟ್ಟರೆ ಕಥೆ ಬೇರೆ. ಎಫ್(−10), ಅಂದರೆ 1941ಕ್ಕೆ ಗೆರೆ ಹೇಳುವುದು 0.99 ಕೋಟಿ. ನಿಜವಾಗಿ ಇದ್ದದ್ದು 1.63 ಕೋಟಿ. ಇನ್ನೂ ಹಿಂದೆ ಹೋದರೆ 1927ರ ಹೊತ್ತಿಗೆ ಗೆರೆ ಸೊನ್ನೆ ಮುಟ್ಟುತ್ತದೆ, ಅದರ ಲೆಕ್ಕದಲ್ಲಿ ಆಗ ನಮ್ಮ ನಾಡಿನಲ್ಲಿ ನರಪಿಳ್ಳೆ ಇರಲಿಲ್ಲ! 1931ರ ಜನಗಣತಿಯಲ್ಲಿ 1.46 ಕೋಟಿ ಜನ ಇದ್ದರು. 1911ರಿಂದ 1921ರ ನಡುವೆ ಜನಸಂಖ್ಯೆ 1.35 ಕೋಟಿಯಿಂದ 1.34 ಕೋಟಿಗೆ ಇಳಿದೇ ಬಿಟ್ಟಿತ್ತು, 1918ರ ಇನ್‌ಫ್ಲುಯೆಂಜಾ ಅಷ್ಟು ಜನರನ್ನು ಕೊಂದಿತ್ತು. ಇಂಥದ್ದೆಲ್ಲ 1951ರಿಂದ ಈಚೆಗಿನ ಚುಕ್ಕಿಗಳಿಂದ ಎಳೆದ ಗೆರೆಗೆ ಗೊತ್ತಾಗುವುದಾದರೂ ಹೇಗೆ?

ಹಿಂದಕ್ಕೆ ಹೋದಾಗ ನಗು ಬರುತ್ತದೆ, ಯಾಕಂದರೆ ಉತ್ತರ ನಮಗೆ ಗೊತ್ತಿದೆ. ಮುಂದಕ್ಕೆ ಹೋಗುವಾಗಲೂ ಗೆರೆ ಅಷ್ಟೇ ಧೈರ್ಯವಾಗಿ ಮಾತಾಡುತ್ತದೆ, ಆಗ ನಾವು ನಗುವುದಿಲ್ಲ, ಸುಮ್ನೆ ಬರೆದುಕೊಳ್ಳುತ್ತೇವೆ.

2021ರಲ್ಲಿ ಆಗಬೇಕಿದ್ದ ಜನಗಣತಿ ಕೋವಿಡ್‌ನಿಂದ ಮುಂದಕ್ಕೆ ಹೋಯಿತು. ಹೊಸ ಗಣತಿಗೆ ಕೇಂದ್ರ ಸರ್ಕಾರ 1 ಮಾರ್ಚ್ 2027ನ್ನು ಲೆಕ್ಕದ ದಿನ ಅಂತ ಗೊತ್ತು ಮಾಡಿದೆ. ನಮ್ಮ ಲೆಕ್ಕದಲ್ಲಿ ಎಕ್ಸ್ = 76. ಎಫ್(76) ಕೇಳಿದರೆ 7.11 ಕೋಟಿ.

ಆದರೆ ಬಾಗು ಇದೆ ಅಂತ ಉಳಿಕೆಗಳು ಹೇಳಿದವಲ್ಲ, ಹಾಗಾದರೆ ಬಾಗಿದ ಗೆರೆಯನ್ನೇ ಕೂರಿಸೋಣ: ವೈ1 ~ ಪಿ ಎಕ್ಸ್1² + ಕ್ಯೂ ಎಕ್ಸ್1 + ಎಸ್. ಟಿಲ್ಡೆಯ ಬಲಗಡೆ ಏನು ಬೇಕಾದರೂ ಬರೆಯಬಹುದು, ಡೆಸ್ಮಾಸ್‌ನ ಸೊಗಸು ಇರುವುದೇ ಅಲ್ಲಿ. ಆರ್² 0.9986ಕ್ಕೆ ಏರುತ್ತದೆ. 2027ಕ್ಕೆ ಇದರ ಉತ್ತರ 7.75 ಕೋಟಿ.

ಇನ್ನೊಂದು ದಾರಿಯೂ ಇದೆ. 1971ರಿಂದ ಈಚೆಗೆ ವೇಗ ಒಂದೇ ಇದೆಯಲ್ಲ, ಆ ಐದು ಚುಕ್ಕಿಗಳನ್ನು ಮಾತ್ರ ಇನ್ನೊಂದು ಟೇಬಲಿಗೆ ಹಾಕಿ, ಅದರ ತಲೆಗೆ ಎಕ್ಸ್2, ವೈ2 ಅಂತ ಇರುತ್ತದೆ, ಬೇರೆ ಅಕ್ಷರ ಬಳಸಿ ನೇರ ಗೆರೆ ಕೂರಿಸಿ. ಇಳಿಜಾರು 0.0794, ಅಂದರೆ ವರ್ಷಕ್ಕೆ 7.94 ಲಕ್ಷ. ಆರ್² 0.9999. ಉಳಿಕೆಗಳಲ್ಲಿ ಅತಿ ದೊಡ್ಡದು ಒಂದೂವರೆ ಲಕ್ಷದೊಳಗೆ. ಐದು ಚುಕ್ಕಿಗಳೂ ನೂಲು ಹಿಡಿದು ಇಟ್ಟಷ್ಟು ನೆಟ್ಟಗೆ. 2027ಕ್ಕೆ ಇದು ಹೇಳುವುದು 7.37 ಕೋಟಿ.

ನೋಡಿ, ಅಂಕಿಗಳು ಅವೇ, ಕ್ಯಾಲ್ಕುಲೇಟರ್ ಅದೇ, ಮೂರರ ಆರ್² ಕೂಡ 0.99ರ ಮೇಲೆ. ಉತ್ತರ ಮಾತ್ರ 7.11, 7.37, 7.75. ಮೊದಲನೆಯದಕ್ಕೂ ಕೊನೆಯದಕ್ಕೂ 64 ಲಕ್ಷ ಜನರ ವ್ಯತ್ಯಾಸ. ಯಾವ ಚುಕ್ಕಿ ಸೇರಿಸಬೇಕು, ಯಾವ ಆಕಾರ ಕೂರಿಸಬೇಕು ಅನ್ನುವುದನ್ನು ಡೆಸ್ಮಾಸ್ ಕೇಳಲಿಲ್ಲ, ನಾವು ತೀರ್ಮಾನಿಸಿದೆವು.

ನನ್ನನ್ನು ಕೇಳಿದರೆ ಮೂರರಲ್ಲಿ ಐದು ಚುಕ್ಕಿಯ ಗೆರೆ ವಾಸಿ, ಬಾಗಿದ್ದನ್ನಂತೂ ನಂಬುವುದಿಲ್ಲ. ಅದು ಚುಕ್ಕಿಗಳಿಗೆ ಚೆನ್ನಾಗಿ ಅಂಟಿಕೊಂಡಿದೆ ನಿಜ, ಆದರೆ ಬೆಳವಣಿಗೆಯ ವೇಗ ಮುಂದೆಯೂ ಏರುತ್ತಲೇ ಇರುತ್ತದೆ ಅಂತ ಅದು ಹೇಳುತ್ತಿದೆ. ಕರ್ನಾಟಕದಲ್ಲಿ ಆಗುತ್ತಿರುವುದು ಅದಕ್ಕೆ ಉಲ್ಟಾ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ರಾಜ್ಯದಲ್ಲಿ ಒಬ್ಬ ಮಹಿಳೆಗೆ ಸರಾಸರಿ 1.7 ಮಕ್ಕಳು. ಜನಸಂಖ್ಯೆ ಇದ್ದಷ್ಟೇ ಉಳಿಯಲು ಸುಮಾರು 2.1 ಬೇಕು. ಇದರ ಪರಿಣಾಮ ತಕ್ಷಣ ಕಾಣುವುದಿಲ್ಲ, ಯಾಕಂದರೆ ಈಗಾಗಲೇ ಹುಟ್ಟಿದ ಪೀಳಿಗೆ ದೊಡ್ಡದಿದೆ. ಜೊತೆಗೆ ಬೆಂಗಳೂರಿಗೆ ಹೊರಗಿನಿಂದ ಬರುವವರೂ ಇದ್ದಾರೆ. ಆದರೂ ವೇಗ ಕಡಿಮೆಯಾಗುವ ದಿಕ್ಕಿನಲ್ಲೇ ಇದೆ. ಐದು ಚುಕ್ಕಿಯ ಗೆರೆ ಕೂಡ ಸ್ವಲ್ಪ ಜಾಸ್ತಿಯೇ ಹೇಳುತ್ತಿದೆ ಅಂತ ನನ್ನ ಅನುಮಾನ. ಈ ಅನುಮಾನ ಬಂದದ್ದು ಆರ್²ನಿಂದ ಅಲ್ಲ, ಟೇಬಲ್‌ನಲ್ಲಿ ಎಲ್ಲೂ ಇಲ್ಲದ ಆ 1.7ರಿಂದ.

ಮಾಡಿದ್ದನ್ನು ಉಳಿಸಿಕೊಳ್ಳಬೇಕಾದರೆ ಡೆಸ್ಮಾಸ್‌ನಲ್ಲಿ ಖಾತೆ ತೆರೆದು ಸೇವ್ ಮಾಡಿ. ಹೊಸ ಗಣತಿಯ ಅಂಕಿ ಬಂದ ದಿನ ಅದೇ ಗ್ರಾಫ್ ತೆರೆದು ಎರಡೂ ಟೇಬಲಿನ ಕೊನೆಯಲ್ಲಿ ಎಕ್ಸ್ 76 ಅಂತ ಒಂದು ಸಾಲು ಸೇರಿಸಿ. ಸೇರಿಸಿದ ತಕ್ಷಣ ಮೂರೂ ಗೆರೆ ಹೊಸ ಚುಕ್ಕಿಯ ಕಡೆ ಜರುಗಿಬಿಡುತ್ತವೆ, ಹಾಗಾಗಿ 7.11, 7.37, 7.75 ಈ ಮೂರನ್ನೂ ಈಗಲೇ ಬೇರೆ ಕಡೆ ಬರೆದಿಟ್ಟುಕೊಳ್ಳಿ.